ಬೆನ್ನು ಯಾವುದು, ಹೊಟ್ಟೆ ಯಾವುದು: ಹಣ್ಣುನೊಣದ ಮೊಟ್ಟೆಯೊಳಗಿನ ಮಾತುಕತೆ

ಚುಕ್ಕೆ ಬಿದ್ದ ಬಾಳೆಹಣ್ಣನ್ನು ಎರಡು ದಿನ ಅಡುಗೆಮನೆಯ ಕಟ್ಟೆಯ ಮೇಲೆ ಮರೆತರೆ ಎಳ್ಳುಕಾಳಿನ ಗಾತ್ರದ ಕೆಂಗಣ್ಣಿನ ನೊಣಗಳು ಮುತ್ತಿಕೊಳ್ಳುತ್ತವೆ. ಸಿಪ್ಪೆಯ ಬಿರುಕಿನಲ್ಲಿ ಅವು ಇಟ್ಟ ಮೊಟ್ಟೆಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ನೋಡಿ. ಅರ್ಧ ಮಿಲಿಮೀಟರ್ ಉದ್ದ, ಅಕ್ಕಿಕಾಳಿನ ಆಕಾರ, ಬಿಳಿ ಬಣ್ಣ. ಒಂದು ತುದಿಯ ಬಳಿ, ಒಂದೇ ಪಕ್ಕದಲ್ಲಿ, ಎರಡು ಪುಟ್ಟ ಕೊಂಬು. ಮೊಟ್ಟೆ ಹಣ್ಣಿನ ರಸದಲ್ಲಿ ಮುಳುಗಿದರೂ ಒಳಗಿನ ಜೀವಕ್ಕೆ ಗಾಳಿ ಒದಗಿಸುವ ಏರ್ಪಾಡು ಅದು. ಕೊಂಬಿರುವ ತುದಿ ಮುಂದೆ ತಲೆಯಾಗುತ್ತದೆ, ಕೊಂಬು ಮೂಡಿದ ಪಕ್ಕ ಬೆನ್ನಾಗುತ್ತದೆ.

ಕೊಂಬು ಮೂಡುವ ಹೊತ್ತಿಗೆ ಅಂಡಕ್ಕೆ ವೀರ್ಯಾಣು ಇನ್ನೂ ತಲುಪಿರುವುದಿಲ್ಲ. ಮರಿಯ ಪಾಲಿಗೆ ಅಪ್ಪನ ಜೀನ್‌ಗಳು ಬಂದು ಸೇರುವ ಮೊದಲೇ ತಲೆ ಎತ್ತ, ಬಾಲ ಎತ್ತ, ಬೆನ್ನು ಯಾವುದು, ಹೊಟ್ಟೆ ಯಾವುದು ಎಂಬುದು ನಿಗದಿಯಾಗಿಬಿಟ್ಟಿದೆ. ನಿಗದಿ ಮಾಡಿದವರು ಯಾರು ಎಂದು ಹುಡುಕುತ್ತ ಹೋದ ಜೀವವಿಜ್ಞಾನಕ್ಕೆ ಒಬ್ಬ ಯಜಮಾನ ಸಿಗಲಿಲ್ಲ. ಸಿಕ್ಕಿದ್ದು ಒಂದು ಮಾತುಕತೆ.

ಡಿಎನ್‌ಎ ಎಂದರೆ ದೇಹದ ನೀಲನಕ್ಷೆ ಎಂದು ಶಾಲೆಯಲ್ಲಿ ಕಲಿತು ಬಂದವರು ನಾವು. ಆ ಹೋಲಿಕೆ ಇಲ್ಲಿ ಕೈಕೊಡುತ್ತದೆ. ಮನೆಯ ನಕ್ಷೆಯಲ್ಲಿ ಹೆಬ್ಬಾಗಿಲು ಪೂರ್ವಕ್ಕೆ ಎಂದು ಬರೆದಿರುತ್ತದೆ. ಆದರೆ ಡಿಎನ್‌ಎ ಎಲ್ಲ ಕೋಶಗಳಲ್ಲೂ ಹೆಚ್ಚುಕಡಿಮೆ ಒಂದೇ. ಆರು ಸಾವಿರ ಜನರ ಕೈಗೆ ಒಂದೇ ಪುಸ್ತಕ ಕೊಟ್ಟರೆ, ‘ನಾನು ಎಲ್ಲಿ ನಿಂತಿದ್ದೇನೆ’ ಎಂಬ ಪ್ರಶ್ನೆಗೆ ಆ ಪುಸ್ತಕದಲ್ಲಿ ಉತ್ತರ ಸಿಗದು, ಅಕ್ಕಪಕ್ಕದವರನ್ನು ಕೇಳಬೇಕು. ಹಣ್ಣುನೊಣದ ಕೋಶಗಳು ಮಾಡುವುದೂ ಅದನ್ನೇ.

ಈ ಹಳೆಯ ಪ್ರಶ್ನೆಯನ್ನು ಈಗ ಎತ್ತಲು ಕಾರಣವಿದೆ. 1992ರಿಂದ ಈ ನೊಣದ ಜೀನ್‌ಗಳ ಮಾಹಿತಿಯನ್ನೆಲ್ಲ ಒಂದೆಡೆ ಕೂಡಿಡುತ್ತಿರುವ ‘ಫ್ಲೈಬೇಸ್’ ಎಂಬ ಸಾರ್ವಜನಿಕ ದತ್ತಾಂಶ ಕೋಶ 2025ರಲ್ಲಿ ಇಕ್ಕಟ್ಟಿಗೆ ಸಿಲುಕಿತು. ಅಮೆರಿಕ ಸರ್ಕಾರ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ಅನುದಾನಗಳನ್ನು ರದ್ದುಮಾಡಿದಾಗ ಅದೇ ದಾರಿಯಲ್ಲಿ ಬರುತ್ತಿದ್ದ ಫ್ಲೈಬೇಸ್‌ನ ಹಣವೂ ನಿಂತಿತು. ಜಗತ್ತಿನ ಪ್ರಯೋಗಾಲಯಗಳ ಮುಂದೆ ಅದು ದೇಣಿಗೆಗೆ ಕೈಚಾಚಬೇಕಾಯಿತು. ನೊಣಕ್ಕೆ ಯಾಕೆ ಇಷ್ಟು ಖರ್ಚು ಎಂಬ ಪ್ರಶ್ನೆಯೂ ಹೊಸದಲ್ಲ. 2008ರ ಚುನಾವಣೆಯಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸಾರಾ ಪೇಲಿನ್, ಫ್ರಾನ್ಸ್‌ನಲ್ಲಿ ನಡೆಯುತ್ತಿದ್ದ ಹಣ್ಣುನೊಣದ ಸಂಶೋಧನೆಯನ್ನು ದುಂದುವೆಚ್ಚದ ಉದಾಹರಣೆಯಾಗಿ ಲೇವಡಿ ಮಾಡಿದ್ದರು. ಅದು ಆಲಿವ್ ಬೆಳೆ ಹಾಳುಮಾಡುವ ನೊಣ, ಜಾತಿಯೇ ಬೇರೆ. ನಮ್ಮಲ್ಲೂ ಈ ಗೊಂದಲ ಇದೆ. ಮಾವು ಬೆಳೆಗಾರರು ಹಣ್ಣುನೊಣ ಎಂದು ಬೈಯುವುದು ಬ್ಯಾಕ್ಟ್ರೊಸೆರಾ ಎಂಬ ಕೀಟವನ್ನು. ಈ ಲೇಖನದ ನಾಯಕಿ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್, ಕೊಳೆತ ಹಣ್ಣಿನ ಬಡಪಾಯಿ.

ಅಕ್ಕ ತೋರಿಸುವ ದಿಕ್ಕು

ಹೆಣ್ಣು ನೊಣದ ಅಂಡಾಶಯದಲ್ಲಿ ಮೊಟ್ಟೆಗಳು ಮಣಿಸರದಂತೆ ಸಾಲಾಗಿ ಬೆಳೆಯುತ್ತವೆ, ಹಳೆಯದು ಹಿಂದೆ, ಎಳೆಯದು ಮುಂದೆ. ಪ್ರತಿ ಮಣಿಯೊಳಗೂ ಒಂದೇ ತಾಯಿಕೋಶದಿಂದ ನಾಲ್ಕು ಸಲ ಒಡೆದು ಹುಟ್ಟಿದ 16 ಕೋಶಗಳಿರುತ್ತವೆ. ಒಡೆಯುವುದು ಪೂರ್ತಿಯಾಗಿಲ್ಲದ ಕಾರಣ ಅವುಗಳ ನಡುವೆ ಕಿರುಗಾಲುವೆಗಳು ಉಳಿಯುತ್ತವೆ. ಹದಿನಾರರಲ್ಲಿ ಒಂದು ಮಾತ್ರ ಅಂಡ. ಮಿಕ್ಕ 15 ಅದಕ್ಕೆ ಉಣಿಸುವ ದಾದಿಕೋಶಗಳು. ಇವೆಲ್ಲವನ್ನೂ ತಾಯಿಯ ದೇಹಕೋಶಗಳ ಒಂದು ಪದರ ಸುತ್ತುವರಿದಿರುತ್ತದೆ. ವಿಜ್ಞಾನದಲ್ಲಿ ಫಾಲಿಕಲ್ ಕೋಶಗಳೆಂಬ ಹೆಸರಿದೆ, ಇಲ್ಲಿ ಹೊದಿಕೆಕೋಶ ಎನ್ನೋಣ. ಮೊಟ್ಟೆಯ ಚಿಪ್ಪು, ಆ ಎರಡು ಕೊಂಬು, ಎಲ್ಲವನ್ನೂ ಕಟ್ಟುವವರು ಇವರೇ.

ಮೊದಲ ಅಸಮತೆ ಹುಟ್ಟುವುದು ಅಂಡ ಮಣಿಯ ಹಿಂಬದಿಗೆ ಸರಿದು ಅಲ್ಲಿನ ಹೊದಿಕೆಕೋಶಗಳಿಗೆ ಅಂಟಿಕೊಂಡಾಗ. ಹಿಂಬದಿಗೇ ಯಾಕೆ? ಕೇಂಬ್ರಿಡ್ಜ್‌ನ ಡೇನಿಯಲ್ ಸೇಂಟ್ ಜಾನ್‌ಸ್ಟನ್ ತಂಡ 2003ರಲ್ಲಿ ಕೊಟ್ಟ ಉತ್ತರ ನನಗೆ ಈ ಇಡೀ ಕಥೆಯಲ್ಲೇ ಅತಿ ಇಷ್ಟವಾದ ಭಾಗ. ಸಾಲಿನಲ್ಲಿ ಮುಂಚೆ ಹುಟ್ಟಿದ ಮಣಿ, ತನ್ನ ಮುಂದಿರುವ ಹೊದಿಕೆಕೋಶಗಳಿಗೆ ಡೆಲ್ಟಾ ಎಂಬ ಪ್ರೊಟೀನಿನ ಮೂಲಕ ಸಂಕೇತ ಕೊಡುತ್ತದೆ. ಅವುಗಳ ಮೇಲಿರುವ ನಾಚ್ ಎಂಬ ಗ್ರಾಹಕ ಅದನ್ನು ಹಿಡಿಯುತ್ತದೆ. ಹಾಗೆ ಬದಲಾದ ಕೋಶಗಳು ಪಕ್ಕದ ಕೋಶಗಳಿಗೆ ಇನ್ನೊಂದು ಸಂಕೇತ ಕೊಟ್ಟು ಎರಡು ಮಣಿಗಳ ನಡುವೆ ತೊಟ್ಟು ಕಟ್ಟಿಸುತ್ತವೆ. ಆ ತೊಟ್ಟಿನ ಕಡೆಗೆ ಕಿರಿಯ ಮಣಿಯ ಅಂಡ ಸರಿಯುತ್ತದೆ. ಅಕ್ಕ ತಂಗಿಗೆ ದಿಕ್ಕು ತೋರಿಸುತ್ತಾಳೆ, ತಂಗಿ ಮುಂದಿನವಳಿಗೆ. ತಲೆ-ಬಾಲದ ಗೆರೆಯನ್ನು ಪ್ರತಿ ಮೊಟ್ಟೆಯೂ ಹೊಸದಾಗಿ ಎಳೆಯಬೇಕಿಲ್ಲ. ಅದು ಸಾಲಿನಲ್ಲಿ ಹರಿದುಬರುತ್ತದೆ.

ಒಂದೇ ಮಾತು, ಎರಡು ಅರ್ಥ

ಹಿಂಬದಿಗೆ ಸೇರಿದ ಅಂಡ ತನ್ನ ಪಕ್ಕದ ಹೊದಿಕೆಕೋಶಗಳಿಗೆ ಗುರ್ಕೆನ್ ಎಂಬ ಪ್ರೊಟೀನನ್ನು ಕಳಿಸುತ್ತದೆ. ಅದನ್ನು ಹಿಡಿಯುವ ಗ್ರಾಹಕದ ಹೆಸರು ಟಾರ್ಪಿಡೊ. ಜರ್ಮನ್ ಭಾಷೆಯಲ್ಲಿ ಗುರ್ಕೆನ್ ಎಂದರೆ ಸೌತೆಕಾಯಿ. ಈ ಜೀನ್ ಕೆಟ್ಟ ತಾಯಿ ಇಡುವ ಮೊಟ್ಟೆಯಲ್ಲಿ ಕೊಂಬುಗಳು ಮಾಯವಾಗಿ ಅದು ನುಣ್ಣಗೆ, ಉದ್ದಗೆ ಸೌತೆಯಂತೆ ಕಾಣುತ್ತದೆ. ಇದೇ ಕೆಲಸಕ್ಕೆ ಬೇಕಾದ ಇನ್ನೊಂದು ಜೀನಿಗೆ ಕಾರ್ನಿಶೋನ್ ಎಂದು ಹೆಸರಿಟ್ಟರು. ಫ್ರೆಂಚಿನಲ್ಲಿ ಅದು ಉಪ್ಪಿನಕಾಯಿಗೆ ಹಾಕುವ ಮಿಡಿಸೌತೆ. ನೊಣದ ವಿಜ್ಞಾನಿಗಳು ಹೆಸರಿಡುವಾಗ ಸ್ವಲ್ಪ ಹಸಿದಿರುತ್ತಾರೆ ಅನ್ನಿಸುತ್ತದೆ. ಮುಂದೆ ಬರುವ ಸ್ಪೆಟ್ಸ್ಲೆ ಕೂಡ ದಕ್ಷಿಣ ಜರ್ಮನಿಯ ಒಂದು ತಿನಿಸು.

ಯಾರು ಮಾತಾಡುತ್ತಾರೆ, ಯಾರು ಕೇಳಿಸಿಕೊಳ್ಳುತ್ತಾರೆ ಎಂದು ಪತ್ತೆಯಾದ ಬಗೆಯೂ ಸೊಗಸಾಗಿದೆ. ಪ್ರಿನ್ಸ್‌ಟನ್‌ನ ಟ್ರೂಡಿ ಶ್ಯೂಪ್‌ಬಾಖ್ 1987ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಒಂದು ನೊಣದ ಅಂಡಕೋಶ ಇನ್ನೊಂದು ನೊಣದ ದೇಹದೊಳಗೆ ಬೆಳೆಯುವಂತೆ ಮಾಡಿದರು. ಟಾರ್ಪಿಡೊ ಜೀನ್ ಕೆಟ್ಟಿರುವ ಅಂಡವನ್ನು ಆರೋಗ್ಯವಂತ ತಾಯಿಯೊಳಗೆ ಬೆಳೆಸಿದರೆ ಮೊಟ್ಟೆ ಸರಿಯಾಗಿಯೇ ಬಂತು. ಒಳ್ಳೆಯ ಅಂಡವನ್ನು ಟಾರ್ಪಿಡೊ ಕೆಟ್ಟ ತಾಯಿಯೊಳಗೆ ಬೆಳೆಸಿದರೆ ಮೊಟ್ಟೆ ಕೆಟ್ಟಿತು. ಗುರ್ಕೆನ್ ವಿಷಯದಲ್ಲಿ ಇದು ಪೂರಾ ತಿರುಗಾಮುರುಗಾ: ಅದು ಇರಬೇಕಾದದ್ದು ಅಂಡದಲ್ಲಿ. ಹೇಳುವವರು ಅಂಡ, ಕೇಳುವವರು ತಾಯಿಯ ದೇಹ ಎಂಬುದು ಸೂಕ್ಷ್ಮದರ್ಶಕದಲ್ಲಿ ಅಣುಗಳನ್ನು ಕಾಣುವ ಮೊದಲೇ ತರ್ಕದಿಂದಲೇ ಖಚಿತವಾಯಿತು.

1995ರಲ್ಲಿ ಎರಡು ತಂಡಗಳು ಇನ್ನೊಂದು ಹೆಜ್ಜೆ ಮುಂದೆ ಹೋದವು. ಅಲ್ಲಿಯವರೆಗೆ ಗುರ್ಕೆನ್ ಬೆನ್ನು-ಹೊಟ್ಟೆಯ ಸಂಗತಿ ಎಂದೇ ಎಣಿಸಿದ್ದರು. ಅದು ಎರಡು ಸಲ ಮಾತಾಡುತ್ತದೆ, ತಲೆ-ಬಾಲ ಮತ್ತು ಬೆನ್ನು-ಹೊಟ್ಟೆ ಎಂಬ ಎರಡು ಅಕ್ಷಗಳೂ ಅದರದೇ ಕೈಕೆಲಸ ಎಂದು ಈಗ ತಿಳಿಯಿತು. ಮೊದಲ ಸಲ ಹಿಂಬದಿಯ ಹೊದಿಕೆಕೋಶಗಳಿಗೆ ‘ನೀವು ಬಾಲದ ಕಡೆಯವರು’ ಎಂದು ತಿಳಿಸುತ್ತದೆ. ಆ ಕೋಶಗಳು ಅಂಡಕ್ಕೆ ಮರುಸಂಕೇತ ಕೊಡುತ್ತವೆ. ಕೂಡಲೇ ಅಂಡದೊಳಗಿನ ಸೂಕ್ಷ್ಮನಳಿಕೆಗಳ ಜಾಲ ಕಳಚಿ ಬೇರೆ ರೀತಿ ಕಟ್ಟಿಕೊಳ್ಳುತ್ತದೆ. ಈ ನಳಿಕೆಗಳು ಸರಕು ಸಾಗಣೆಯ ಹಳಿಗಳಿದ್ದಂತೆ. ಅವುಗಳ ಮೇಲೆ ಬೈಕಾಯ್ಡ್ ಎಂಬ ಜೀನಿನ ಎಂಆರ್‌ಎನ್‌ಎ (ಪ್ರೊಟೀನ್ ತಯಾರಿಸಲು ಬಳಕೆಯಾಗುವ ಜೀನಿನ ನಕಲು) ತಲೆಯ ತುದಿಗೂ ಓಸ್ಕರ್ ಎಂಬುದರದು ಬಾಲದ ತುದಿಗೂ ಸಾಗುತ್ತವೆ.

ಇದೇ ಹೊತ್ತಿನಲ್ಲಿ ಹಿಂಬದಿಯಲ್ಲಿದ್ದ ಅಂಡದ ಕೋಶಕೇಂದ್ರ ಜಾಗ ಬಿಟ್ಟು ಮುಂಬದಿಯ ಅಂಚಿಗೆ ಹೋಗುತ್ತದೆ. ಹಿಂದಿನಿಂದ ಬೆಳೆಯುವ ಸೂಕ್ಷ್ಮನಳಿಕೆಗಳು ಅದನ್ನು ತಳ್ಳಿಕೊಂಡು ಹೋಗುತ್ತವೆ ಎಂದು 2012ರಲ್ಲಿ ಗೊತ್ತಾಯಿತು. ಮುಂಬದಿಯ ಅಂಚು ಒಂದು ದುಂಡನೆಯ ವೃತ್ತ. ಅದರಲ್ಲಿ ಯಾವ ಬಿಂದುವಿಗೆ ಹೋಗಬೇಕೆಂದು ಯಾರೂ ಬರೆದಿಟ್ಟಿಲ್ಲ. ಎಲ್ಲಿಗಾದರೂ ಹೋಗಬಹುದು. ಹೋಗಿ ನಿಂತ ಕಡೆ ಬೆನ್ನು.

ಯಾಕೆಂದರೆ ಗುರ್ಕೆನ್ ತಯಾರಾಗುವುದು ಕೋಶಕೇಂದ್ರದ ಸುತ್ತ. ಜಾಗ ಬದಲಾದದ್ದರಿಂದ ಅದೇ ಪ್ರೊಟೀನು ಈಗ ಬೇರೆ ಹೊದಿಕೆಕೋಶಗಳನ್ನು ತಲುಪುತ್ತದೆ. ಅವುಗಳ ಮೇಲಿರುವುದೂ ಅದೇ ಟಾರ್ಪಿಡೊ. ಆದರೆ ಅವು ಅರ್ಥ ಮಾಡಿಕೊಳ್ಳುವುದು ‘ನಾವು ಬೆನ್ನಿನ ಕಡೆಯವರು’ ಎಂದು, ಮತ್ತು ಕೊಂಬು ಕಟ್ಟಲು ಶುರುಮಾಡುತ್ತವೆ. ಸಂಕೇತ ಬದಲಾಗಿಲ್ಲ, ಗ್ರಾಹಕವೂ ಬದಲಾಗಿಲ್ಲ. ಕೇಳಿಸಿಕೊಂಡವರ ಪೂರ್ವಕಥೆ ಬೇರೆ. ‘ಇದು ಇಂಥ ಅಂಗದ ಜೀನ್’ ಎಂದು ಪತ್ರಿಕೆಗಳಲ್ಲಿ ಓದುವಾಗಲೆಲ್ಲ ನನಗೆ ಈ ಗುರ್ಕೆನ್ ನೆನಪಾಗುತ್ತದೆ.

ಚಿಪ್ಪಿನಲ್ಲಿ ಉಳಿದ ಗುರುತು

ಹೊಟ್ಟೆಯ ಕಡೆಗೆ ಗುರ್ಕೆನ್ ತಲುಪುವುದಿಲ್ಲ. ತಲುಪಿದ ಕಡೆಯೆಲ್ಲ ಪೈಪ್ ಎಂಬ ಜೀನ್ ಆರಿಹೋಗುತ್ತದೆ; ಹೊಟ್ಟೆಯ ಪಕ್ಕದ ಹೊದಿಕೆಕೋಶಗಳಲ್ಲಿ, ಸುತ್ತಳತೆಯ ಸುಮಾರು 40% ಭಾಗದಲ್ಲಿ, ಅದು ಉರಿಯುತ್ತಿರುತ್ತದೆ. ಪೈಪ್ ಒಂದು ಕಿಣ್ವ. ಮೊಟ್ಟೆಯ ಒಳಪೊರೆಯ ವಸ್ತುವಿಗೆ ಅದು ಸಲ್ಫೇಟಿನ ಮುದ್ರೆ ಒತ್ತುತ್ತದೆ. ಆಮೇಲೆ ಹೊದಿಕೆಕೋಶಗಳು ಉದುರಿಹೋಗುತ್ತವೆ. ಮಾತಾಡಿದವರು ಹೊರಟುಹೋದರೂ ಮುದ್ರೆ ಪೊರೆಯಲ್ಲಿ ಉಳಿಯುತ್ತದೆ.

ಮೊಟ್ಟೆ ಹೊರಬಂದ ಮೇಲೆ, ಮುದ್ರೆಯಿರುವ ಕಡೆ ಮಾತ್ರ, ಪೊರೆ ಮತ್ತು ಭ್ರೂಣದ ನಡುವಿನ ದ್ರವದಲ್ಲಿ ಕಿಣ್ವಗಳ ಸರಣಿಯೊಂದು ಪಟಾಕಿ ಸರದಂತೆ ಹೊತ್ತಿಕೊಳ್ಳುತ್ತದೆ. ಒಂದು ಇನ್ನೊಂದನ್ನು ಕತ್ತರಿಸಿ ಎಬ್ಬಿಸುತ್ತದೆ. ಕೊನೆಯಲ್ಲಿ ಸ್ಪೆಟ್ಸ್ಲೆ ಎಂಬ ಪ್ರೊಟೀನ್ ತುಂಡಾಗಿ ಸಕ್ರಿಯವಾಗುತ್ತದೆ. ಭ್ರೂಣದ ಮೇಲ್ಮೈ ತುಂಬ ಟೋಲ್ ಎಂಬ ಗ್ರಾಹಕವಿದೆ, ಬೆನ್ನಲ್ಲೂ ಹೊಟ್ಟೆಯಲ್ಲೂ ಒಂದೇ ಸಮನಾಗಿ. ಸ್ಪೆಟ್ಸ್ಲೆ ಸಿಕ್ಕ ಕಡೆ ಮಾತ್ರ ಅದು ಎಚ್ಚರಗೊಳ್ಳುತ್ತದೆ. ಎಚ್ಚರಗೊಂಡ ಕಡೆ ಡಾರ್ಸಲ್ ಎಂಬ ಪ್ರೊಟೀನು ಕ್ಯಾಕ್ಟಸ್ ಎಂಬ ಕಾವಲುಗಾರನಿಂದ ಬಿಡಿಸಿಕೊಂಡು ಕೋಶಕೇಂದ್ರದೊಳಗೆ ನುಗ್ಗುತ್ತದೆ. ಹೆಚ್ಚು ನುಗ್ಗಿದ ಕಡೆ ಸ್ನಾಯುವಿನ ಪದರ, ಸ್ವಲ್ಪ ಕಡಿಮೆ ಇರುವ ಪಕ್ಕಗಳಲ್ಲಿ ನರಮಂಡಲ, ಇಲ್ಲದ ಕಡೆ ಬೆನ್ನು.

ಡಾರ್ಸಲ್ ಎಂದರೆ ಬೆನ್ನಿನದು ಎಂದರ್ಥ. ಕೆಲಸ ಮಾಡುವುದು ಮಾತ್ರ ಹೊಟ್ಟೆಯಲ್ಲಿ! ಜೀನ್ ಕೆಟ್ಟಾಗ ಏನಾಗುತ್ತದೋ ಅದರ ಮೇಲೆ ಹೆಸರಿಡುವುದು ನೊಣದ ಲೋಕದ ವಾಡಿಕೆ. ಡಾರ್ಸಲ್ ಇಲ್ಲದ ಭ್ರೂಣಕ್ಕೆ ಸುತ್ತಲೂ ಬೆನ್ನೇ.

ಟೋಲ್ ಜೀನಿನ ಮಹತ್ವ ತಿಳಿದದ್ದು ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕ್ಯಾಥ್ರಿನ್ ಆ್ಯಂಡರ್ಸನ್ ಮತ್ತು ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಮಾಡಿದ, 1985ರಲ್ಲಿ ಪ್ರಕಟವಾದ ಪ್ರಯೋಗದಿಂದ. ಟೋಲ್ ಇಲ್ಲದ ಭ್ರೂಣಕ್ಕೆ ಸಹಜ ಭ್ರೂಣದ ಕೋಶರಸವನ್ನು ಸೂಜಿಯಲ್ಲಿ ಚುಚ್ಚಿದರು. ಚುಚ್ಚಿದ ಜಾಗವೇ ಹೊಟ್ಟೆಯಾಯಿತು. ಬೆನ್ನಾಗಬೇಕಿದ್ದ ಕಡೆ ಚುಚ್ಚಿದರೆ ಅಲ್ಲಿಯೇ ಹೊಟ್ಟೆ. ಜರ್ಮನ್ನಿನಲ್ಲಿ ಟೋಲ್ ಎಂದರೆ ‘ಭಲೇ’ ಎಂಬಂಥ ಉದ್ಗಾರ.

ಪಠ್ಯಪುಸ್ತಕದ ನಾಯಕ

ಜೀವಶಾಸ್ತ್ರ ಓದಿದವರಿಗೆ ನೊಣದ ಅಕ್ಷ ಎಂದ ಕೂಡಲೇ ನೆನಪಾಗುವುದು ಬೈಕಾಯ್ಡ್. ನಾನು ಅದನ್ನು ಇಷ್ಟು ತಡವಾಗಿ ತರುತ್ತಿರುವುದು ಬೇಕೆಂದೇ.

ನೊಣದ ಭ್ರೂಣಕ್ಕೊಂದು ವಿಶೇಷವಿದೆ. ಮೊದಲ 13 ಸುತ್ತು ಒಡೆಯುವುದು ಕೋಶಕೇಂದ್ರಗಳು ಮಾತ್ರ, ನಡುವೆ ಗೋಡೆ ಏಳುವುದಿಲ್ಲ. ಸುಮಾರು 6,000 ಕೋಶಕೇಂದ್ರಗಳು ಒಂದೇ ಹಜಾರದಲ್ಲಿರುವ ಅವಿಭಕ್ತ ಕುಟುಂಬ. ಹಾಗಾಗಿ ತಲೆಯ ತುದಿಯಲ್ಲಿ ತಯಾರಾದ ಬೈಕಾಯ್ಡ್ ಪ್ರೊಟೀನ್, ಗ್ರಾಹಕದ ಹಂಗಿಲ್ಲದೆ ನೇರವಾಗಿ ಹರಡಿಕೊಳ್ಳುತ್ತದೆ. ತಲೆಯ ಕಡೆ ದಟ್ಟ, ಬಾಲದ ಕಡೆ ವಿರಳ. ದಟ್ಟಣೆಯನ್ನು ನೋಡಿ ಕೋಶಕೇಂದ್ರ ತನ್ನ ಜಾಗ ತಿಳಿಯುತ್ತದೆ. 1988ರಲ್ಲಿ ವುಲ್ಫ್‌ಗ್ಯಾಂಗ್ ಡ್ರೀವರ್ ಮತ್ತು ನ್ಯೂಸ್ಲೈನ್-ಫೋಲ್ಹಾರ್ಡ್ ಇದನ್ನು ತೋರಿಸಿದರು. ತಾಯಿಯಲ್ಲಿ ಬೈಕಾಯ್ಡ್ ಜೀನಿನ ಪ್ರತಿಗಳನ್ನು ಹೆಚ್ಚಿಸಿದರೆ ಮರಿಯ ತಲೆಯ ಗಡಿ ಹಿಂದಕ್ಕೆ ಸರಿಯಿತು.

ಸುಂದರವಾದ ಕೆಲಸ, ಅನುಮಾನವಿಲ್ಲ. ಆದರೆ ಬೈಕಾಯ್ಡ್ ವಿಕಾಸದ ಲೆಕ್ಕದಲ್ಲಿ ಹೊಸ ನೆಂಟ. ನೊಣಗಳ ಒಂದು ಗುಂಪಿನಲ್ಲಿ ಬಿಟ್ಟರೆ ಜೀರುಂಡೆ, ಕಣಜ ಮುಂತಾದ ಕೀಟಗಳಲ್ಲಿ ಅದು ಇಲ್ಲವೇ ಇಲ್ಲ. ಅವುಗಳಿಗೂ ತಲೆ ಇದೆ. ಮೇಲಾಗಿ ಅದರ ಎಂಆರ್‌ಎನ್‌ಎ ತಲೆಯ ತುದಿಗೆ ಬಂದು ಕೂತದ್ದೇ ಗುರ್ಕೆನ್ ಮತ್ತು ಹೊದಿಕೆಕೋಶಗಳ ಮಾತುಕತೆಯಿಂದ. ಪಠ್ಯಗಳು ಫಲವನ್ನು ಕೊಂಡಾಡಿ ಬೇರನ್ನು ಅಡಿಟಿಪ್ಪಣಿಗೆ ತಳ್ಳಿವೆ ಎಂಬುದು ನನ್ನ ದೂರು.

ಇತ್ತೀಚಿನ ಚರ್ಚೆ ನಿಖರತೆಯ ಸುತ್ತ ನಡೆಯುತ್ತಿದೆ. 2007ರಲ್ಲಿ ಪ್ರಿನ್ಸ್‌ಟನ್‌ನ ಭೌತವಿಜ್ಞಾನಿಗಳೂ ಜೀವವಿಜ್ಞಾನಿಗಳೂ ಸೇರಿ ಅಳೆದಾಗ, ಪಕ್ಕಪಕ್ಕದ ಎರಡು ಕೋಶಕೇಂದ್ರಗಳ ನಡುವೆ ಬೈಕಾಯ್ಡ್ ಪ್ರಮಾಣದ ವ್ಯತ್ಯಾಸ ಕೇವಲ ಸುಮಾರು 10% ಎಂದು ಕಂಡಿತು. ಬೈಕಾಯ್ಡ್‌ನಿಂದ ಎಚ್ಚರಗೊಳ್ಳುವ ಮುಂದಿನ ಸಾಲಿನ ನಾಲ್ಕು ಜೀನ್‌ಗಳನ್ನು ಒಟ್ಟಾಗಿ ಓದಿದರೆ, ಮೊಟ್ಟೆಯ ಉದ್ದದ 1%ರಷ್ಟು ಕರಾರುವಾಕ್ಕಾಗಿ ಜಾಗ ಹೇಳಬಹುದು. ಅಂದರೆ ಒಂದು ಕೋಶದ ಅಗಲದಷ್ಟು ತಪ್ಪಿಗೆ ಮಾತ್ರ ಅವಕಾಶ.

ಎರಡು ತುದಿಗಳ ಕಥೆ ಇದಕ್ಕೆ ವಿರುದ್ಧ ಪಾಠ ಹೇಳುತ್ತದೆ. ತಲೆಯ ಮತ್ತು ಬಾಲದ ಕೊನೆಗಳನ್ನು ಟಾರ್ಸೊ ಎಂಬ ಗ್ರಾಹಕ ನಿರ್ಧರಿಸುತ್ತದೆ. ಅದನ್ನು ಎಬ್ಬಿಸುವ ಸುಳಿವೂ ತಾಯಿಯ ಹೊದಿಕೆಕೋಶಗಳಿಂದಲೇ ಬರುತ್ತದೆ. ಸಹಜ ಭ್ರೂಣದಲ್ಲಿ ಈ ಸಂಕೇತ ತುದಿಯಿಂದ ಒಳಕ್ಕೆ ಹಂತಹಂತವಾಗಿ ಇಳಿಯುತ್ತದೆ. 2020ರಲ್ಲಿ ಪ್ರಿನ್ಸ್‌ಟನ್‌ನ ಇನ್ನೊಂದು ತಂಡ ಟಾರ್ಸೊ ಸಂಕೇತವೇ ಇಲ್ಲದ, ಸಾಯಲಿದ್ದ ಭ್ರೂಣಗಳನ್ನು ತೆಗೆದುಕೊಂಡಿತು. ನೀಲಿ ಬೆಳಕು ಬಿದ್ದರೆ ಒಳಗಿನ ಸಂಕೇತ ಸರಣಿ ಚಾಲೂ ಆಗುವಂತೆ ಅವುಗಳಲ್ಲಿ ಪ್ರೊಟೀನುಗಳನ್ನು ಅಳವಡಿಸಿ, ಎರಡು ತುದಿಗಳಿಗಷ್ಟೇ ಬೆಳಕು ಹಾಯಿಸಿತು. ಏರಿಳಿತವಿಲ್ಲ, ಬರೀ ಸ್ವಿಚ್ ಹಾಕಿದಂತೆ. ಅಷ್ಟು ಒರಟು ಸಂಕೇತವೂ ಸಾಕಾಯಿತು. ಭ್ರೂಣಗಳು ಚೇತರಿಸಿಕೊಂಡು ಬೆಳೆದವು. ಸೂಕ್ಷ್ಮ ಏರಿಳಿತವೇ ಸರ್ವಸ್ವ ಎಂದು ನಂಬಿದ್ದವರಿಗೆ ಇದೊಂದು ಪೆಟ್ಟು. ಹೇಳಿದ್ದು ಒರಟಾಗಿದ್ದರೂ ಕೋಶಗಳು ತಮ್ಮತಮ್ಮಲ್ಲಿ ಅದನ್ನು ತಿದ್ದಿಕೊಳ್ಳುತ್ತವೆ ಎಂದೇ ನಾನು ಇದನ್ನು ಓದುತ್ತೇನೆ.

ಮಗುಚಿದ ಸೀಗಡಿ, ಮಗುಚಿದ ನಾವು

ಬೆನ್ನಿನ ಕಡೆ ಡಿಪಿಪಿ ಎಂಬ ಸಂಕೇತ ಪ್ರೊಟೀನ್ ತಯಾರಾಗುತ್ತದೆ. ಪಕ್ಕಗಳಲ್ಲಿ ತಯಾರಾಗುವ ಸಾಗ್ ಎಂಬುದು ಅದನ್ನು ತಡೆದು, ಹೊತ್ತು ಬೆನ್ನಿನ ನಡುಗೆರೆಗೆ ಸಾಗಿಸುತ್ತದೆ. ಮನುಷ್ಯರೂ ಸೇರಿ ಬೆನ್ನೆಲುಬಿನ ಪ್ರಾಣಿಗಳಲ್ಲಿ ಇದೇ ಜೋಡಿ ಇದೆ: ಬಿಎಂಪಿ ಮತ್ತು ಕಾರ್ಡಿನ್. ಜಾಗ ಮಾತ್ರ ತಲೆಕೆಳಗು. ನೊಣದ ಬೆನ್ನಿನ ಸಂಕೇತ ನಮ್ಮಲ್ಲಿ ಹೊಟ್ಟೆಯ ಕಡೆ. ನೊಣದ ನರಹುರಿ ಹೊಟ್ಟೆಯ ಪಕ್ಕ, ನಮ್ಮದು ಬೆನ್ನಿನ ಪಕ್ಕ. 1822ರಲ್ಲೇ ಫ್ರಾನ್ಸಿನ ಜೆಫ್ರಾ ಸೇಂಟ್-ಇಲೇರ್ ದೊಡ್ಡ ಸೀಗಡಿಯಂಥ ಲಾಬ್ಸ್ಟರನ್ನು ಕೊಯ್ದು ಮಗುಚಿ ಇಟ್ಟು, ಅದರ ಒಳಾಂಗಗಳ ಜೋಡಣೆ ನಮ್ಮಂತೆಯೇ ಇದೆ ಎಂದಾಗ ಸಮಕಾಲೀನರು ಒಪ್ಪಿರಲಿಲ್ಲ. 1990ರ ದಶಕದಲ್ಲಿ ಸಂಕೇತದ ಅಣುಗಳು ಅವನ ಪರವಾಗಿ ಸಾಕ್ಷಿ ಹೇಳಿದವು.

ಉಪಯೋಗದ ಲೆಕ್ಕ ಕೇಳುವವರಿಗೆ ಉತ್ತರವಿದೆ, ಉತ್ಪ್ರೇಕ್ಷೆ ಮಾಡಬಾರದು ಅಷ್ಟೆ. ಟಾರ್ಪಿಡೊ ಎಂಬುದು ನೊಣದ ಇಜಿಎಫ್ಆರ್, ಅಂದರೆ ಕೋಶಕ್ಕೆ ಬೆಳೆಯಲು ಹೇಳುವ ಸಂಕೇತವನ್ನು ಹಿಡಿಯುವ ಗ್ರಾಹಕ. ಶ್ವಾಸಕೋಶದ ಕೆಲವು ಕ್ಯಾನ್ಸರ್‌ಗಳಿಗೆ ಕೊಡುವ ಜೆಫಿಟಿನಿಬ್, ಎರ್ಲೊಟಿನಿಬ್ ಮಾತ್ರೆಗಳು ತಡೆಯುವುದು ಇದರ ಮಾನವ ರೂಪವನ್ನು. ಆದರೆ ಆ ಗ್ರಾಹಕವನ್ನು ಸಸ್ತನಿಗಳಲ್ಲಿ ಬೇರೆಯವರು ಮೊದಲೇ ಕಂಡಿದ್ದರು. ಹೆಡ್ಜ್‌ಹಾಗ್ (ಇಂಗ್ಲಿಷಿನಲ್ಲಿ ಮುಳ್ಳಿಲಿ) ಎಂಬ ಜೀನಿನ ವಿಷಯ ಹಾಗಲ್ಲ. ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ಎರಿಕ್ ವೀಶಾಸ್ ಹೈಡೆಲ್‌ಬರ್ಗ್‌ನಲ್ಲಿ ಇಬ್ಬರೂ ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕದ ಮುಂದೆ ಕೂತು ವಿಕಾರಗೊಂಡ ಮರಿಗಳನ್ನು ವಿಂಗಡಿಸಿ, 1980ರಲ್ಲಿ ಹದಿನೈದು ಜೀನ್‌ಗಳ ಪಟ್ಟಿ ಪ್ರಕಟಿಸಿದರು. ಮೈತುಂಬ ಮುಳ್ಳಿದ್ದ ಮರಿಯಿಂದ ಹೆಡ್ಜ್‌ಹಾಗ್‌ಗೆ ಆ ಹೆಸರು ಬಂತು. ದೇಹದ ಪ್ರತಿ ಖಂಡದ ಗಡಿಯಲ್ಲಿ ಅದೂ ವಿಂಗ್‌ಲೆಸ್ ಎಂಬ ಸಂಕೇತವೂ ನೆರೆಹೊರೆಯಲ್ಲಿ ನಿಂತು ಒಂದನ್ನೊಂದು ಎಚ್ಚರವಿಡುತ್ತವೆ. 1996ರಲ್ಲಿ ಇದೇ ಸರಣಿಯ ಪ್ಯಾಚ್ಡ್ ಜೀನಿನ ಮಾನವ ರೂಪ ಚರ್ಮದ ಒಂದು ಬಗೆಯ ಕ್ಯಾನ್ಸರ್‌ಗೆ ಕಾರಣವೆಂದು ತಿಳಿಯಿತು. ಆ ಸರಣಿಯನ್ನು ತಡೆಯುವ ವಿಸ್ಮೊಡೆಗಿಬ್ ಔಷಧಕ್ಕೆ 2012ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಟೋಲ್ ಅಂತೂ ಇನ್ನೂ ದೂರ ಹೋಯಿತು. ಬೂಷ್ಟಿನ ಸೋಂಕಿನಿಂದ ನೊಣವನ್ನು ಕಾಪಾಡುವುದೂ ಅದೇ ಎಂದು 1996ರಲ್ಲಿ ಜೂಲ್ಸ್ ಹಾಫ್‌ಮನ್ ತಂಡ ತೋರಿಸಿತು. ನಮ್ಮ ರೋಗನಿರೋಧಕ ವ್ಯವಸ್ಥೆಯಲ್ಲೂ ಅದರ ಸೋದರರಿದ್ದಾರೆ. ಹೊಟ್ಟೆ ಯಾವ ಕಡೆ ಎಂದು ಹುಡುಕಿದವರು ಜ್ವರದ ಮೂಲಕ್ಕೆ ದಾರಿ ಮಾಡಿಕೊಟ್ಟರು. 1995ರ ನೊಬೆಲ್ ಹೈಡೆಲ್‌ಬರ್ಗ್‌ನ ಜೋಡಿಗೂ ಎಡ್ವರ್ಡ್ ಲೂಯಿಸ್‌ಗೂ ಬಂತು, 2011ರದರಲ್ಲಿ ಹಾಫ್‌ಮನ್‌ಗೆ ಪಾಲು.

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ತಳಿಗಳ ಭಂಡಾರವೇ ಇದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ (ಎನ್‌ಸಿಬಿಎಸ್) ದಶಕಗಳಿಂದ ನೊಣದ ಕೆಲಸ ನಡೆದಿದೆ. ಯಾವ ಜೀನಿಗೆ ಯಾವ ತಳಿ, ಯಾರು ಎಂದು ಏನು ಕಂಡರು ಎಂದು ನೋಡಲು ಇಲ್ಲಿನ ವಿದ್ಯಾರ್ಥಿಯೂ ತೆರೆಯುವುದು ಫ್ಲೈಬೇಸನ್ನೇ. ಹಣ ನಿಂತರೆ ಪುಟ ಮಾಯವಾಗುವುದಿಲ್ಲ. ಹೊಸ ಸಂಶೋಧನೆಗಳನ್ನು ಓದಿ, ತಾಳೆ ನೋಡಿ ಸೇರಿಸುವ ಜನ ಇರುವುದಿಲ್ಲ.

ಸೇರಿಸಬೇಕಾದದ್ದು ಇನ್ನೂ ಇದೆ. ಗುರ್ಕೆನ್‌ನ ಮೊದಲ ಮಾತು ಕೇಳಿದ ಹಿಂಬದಿಯ ಹೊದಿಕೆಕೋಶಗಳು ಅಂಡಕ್ಕೆ ಮರುಸಂಕೇತ ಕೊಡುತ್ತವೆ ಎಂದೆನಲ್ಲ, ಹಳಿಗಳನ್ನೆಲ್ಲ ಕಳಚಿ ಮತ್ತೆ ಕಟ್ಟಿಸುವ, ತಲೆ-ಬಾಲ ಎರಡಕ್ಕೂ ಆಧಾರವಾದ ಆ ಉತ್ತರ? ಅದು ಹೋಗುತ್ತದೆ ಎಂಬುದು 1990ರ ದಶಕದಿಂದ ಖಚಿತ. ಅದನ್ನು ಹೊತ್ತೊಯ್ಯುವ ಅಣು ಯಾವುದು ಎಂಬುದರ ಬಗ್ಗೆ ಮಾತ್ರ ಇಂದಿಗೂ ಒಮ್ಮತವಿಲ್ಲ. ಬೇರೆ ಯಾವುದೋ ಕೆಲಸಕ್ಕೆಂದು ಹೆಸರಿಟ್ಟ ಜೀನಿನ ಪುಟದಲ್ಲಿ ಅದು ಈಗಾಗಲೇ ಕೂತಿರಬಹುದು. ಅಥವಾ ಅಣುವೇ ಅಲ್ಲದೆ, ಕೋಶ ಕೋಶವನ್ನು ಒತ್ತುವ ಬರಿಯ ಒತ್ತಡವೂ ಇರಬಹುದು.